ಕರೆಂಟು ಬಂದ ಮೇಲೆ ಪೈ ಹಳೇ ಗಂಟೆ ಹೇಳ್ತಿದೆ: ಕ್ರೋನಿ ಕಾನ್ಫಿಗ್ ಫೈಲ್ ಹೇಗಿರಬೇಕು?

ಮಳೆಲೆಕ್ಕ_ಹೊಸನಗರ

ಮನೇಲಿ ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್ ಇದೆ. ತೋಟ, ಗದ್ದೆಬಯಲು, ಗುಡ್ಡ ಅಂತ ಮೂರು ಕಡೆ ಟಿಪ್ಪಿಂಗ್ ಬಕೆಟ್ ಮಳೆಮಾಪಕ ಇಟ್ಟಿದೀವಿ. ಒಂದೊಂದಕ್ಕೂ ಒಂದು ಇಎಸ್‌ಪಿ32 (ವೈಫೈ ಇರೋ ಸಣ್ಣ ಬೋರ್ಡು), ಸೋಲಾರ್ ಬ್ಯಾಟರಿ. ಅವು ವೈಫೈನಲ್ಲಿ ಪೈಗೆ ಲೆಕ್ಕ ಕಳಿಸ್ತವೆ, ಗಂಟೆ ಎಷ್ಟು ಅಂತಾನೂ ಪೈನಿಂದಲೇ ಕೇಳ್ಕೊಳ್ತವೆ. ಅದಕ್ಕಾಗಿ ಪೈನಲ್ಲಿ ಕ್ರೋನಿ ಅನ್ನೋ ಗಂಟೆ ಹೊಂದಿಸೋ ಪ್ರೋಗ್ರಾಂ ಓಡ್ತಿದೆ. ಫೈಲ್ ಬರೆದಿಟ್ಟವರು ಈಗ ಊರಲ್ಲಿಲ್ಲ.

ಆರಿದ್ರಾ ಮಳೆ ಹಿಡೀತು ನೋಡಿ, ಶುರುವಾಯ್ತು. ಲೈನ್ ಮೇಲೆ ಮರ ಬಿದ್ದು ರಾತ್ರಿ ಕರೆಂಟು ಹೋಯ್ತು, ಬೆಳಗಿನ ಜಾವ ಇನ್ವರ್ಟರೂ ಮಲಗ್ತು. ಮಧ್ಯಾಹ್ನ ಕರೆಂಟೇನೋ ಬಂತು, ಆದ್ರೆ ಫೈಬರ್ ಎಲ್ಲೋ ಕಡಿದಿತ್ತು, ಇಂಟರ್ನೆಟ್ ಬರೋಕೆ ಮರುದಿನ ಆಯ್ತು. ಈಗ ಲೆಕ್ಕ ತೆಗೆದು ನೋಡಿದ್ರೆ ಆ ಮಧ್ಯಾಹ್ನ ಜಡಿದ ಮಳೆಯೆಲ್ಲ ಬೆಳಗಿನ ಜಾವದ ಖಾತೆಗೆ ಬಿದ್ದಿದೆ. ಅಪ್ಪಯ್ಯ ದಿನಾ ಬೆಳಿಗ್ಗೆ ಕೈಯಲ್ಲಿ ಅಳೆದು ಬರೆಯೋ ಪುಸ್ತಕಕ್ಕೂ ಇದಕ್ಕೂ ತಾಳೆನೇ ಇಲ್ಲ.

ಫೋನಿಂದ ಬರೀತಿರೋದ್ರಿಂದ ಫೈಲಿನ ಸಾಲುಗಳನ್ನೂ ಕನ್ನಡ ಅಕ್ಷರದಲ್ಲೇ ಹಾಕ್ತಿದೀನಿ:

ಕಾನ್ಫ್‌ಡಿರ್ /ಇಟಿಸಿ/ಕ್ರೋನಿ/ಕಾನ್ಫ್.ಡಿ
ಪೂಲ್ 2.ಡೆಬಿಯನ್.ಪೂಲ್.ಎನ್‌ಟಿಪಿ.ಆರ್ಗ್ ಐಬರ್ಸ್ಟ್
ಡ್ರಿಫ್ಟ್‌ಫೈಲ್ /ವಾರ್/ಲಿಬ್/ಕ್ರೋನಿ/ಕ್ರೋನಿ.ಡ್ರಿಫ್ಟ್
ಮ್ಯಾಕ್ಸ್‌ಅಪ್‌ಡೇಟ್‌ಸ್ಕ್ಯೂ 100.0
ಆರ್‌ಟಿಸಿಸಿಂಕ್
ಮೇಕ್‌ಸ್ಟೆಪ್ 1 3
ಲೋಕಲ್ ಸ್ಟ್ರೇಟಮ್ 10
ಅಲೌ 192.168.4.0/24

ಇದರಲ್ಲಿ ಎಂತ ತಪ್ಪಿದೆ?

ಬೋರ್ಡೋ_ತೀರ್ಥಹಳ್ಳಿ

ನಂಗೆ ಕಂಪ್ಯೂಟರ್ ವಿಷಯ ಅಷ್ಟಕ್ಕಷ್ಟೆ. ಆದ್ರೂ ಕೇಳ್ತೀನಿ, ಬಿದ್ದ ಮಳೆ ಬಿದ್ದಿದ್ದೇ ತಾನೆ? ಐದಾರು ಗಂಟೆ ಆಚೀಚೆ ಆದ್ರೆ ಏನಾಯ್ತು ಮಾರಾಯ್ರೆ?

ಮಳೆಲೆಕ್ಕ_ಹೊಸನಗರ

ಹವಾಮಾನ ಇಲಾಖೆಯವರ ಮಳೆದಿನ ಮುಗಿಯೋದು ಬೆಳಿಗ್ಗೆ 8:30ಕ್ಕೆ. ಅಪ್ಪಯ್ಯ ಅಳೆಯೋದೂ ಅದೇ ಹೊತ್ತಿಗೆ. ಮಧ್ಯಾಹ್ನ 2ಕ್ಕೆ ಬಿದ್ದ ಮಳೆಗೆ ಬೆಳಿಗ್ಗೆ 5 ಅಂತ ಮುದ್ರೆ ಬಿದ್ರೆ ಅದು ಹಿಂದಿನ ದಿನಕ್ಕೆ ಸೇರುತ್ತೆ. ಒಂದು ದಿನ ಸೊನ್ನೆ, ಇನ್ನೊಂದು ದಿನ ಪ್ರಳಯ. ಹುಲಿಕಲ್ಲಿನ ಲೆಕ್ಕದ ಪಕ್ಕ ನಮ್ಮದನ್ನ ಇಟ್ಟು ನೋಡೋ ಹಾಗೇ ಇಲ್ಲ.

ಅಡಿಕೆ ಕೊಳೆಗೆ ಔಷಧಿ ಹೊಡೆಯೋರಿಗೂ ಇದು ಬೇಕಲ್ವಾ? ಯಾವ ಹೊತ್ತಿನಿಂದ ಯಾವ ಹೊತ್ತಿಗೆ ಹೊಳವಾಗಿತ್ತು ಅನ್ನೋದು ಗಂಟೆ ಸರಿ ಇದ್ರೆ ಮಾತ್ರ ಗೊತ್ತಾಗೋದು.

ಬೋರ್ಡೋ_ತೀರ್ಥಹಳ್ಳಿ

ಅದು ಸರಿ. ಹೊಡೆದ ಔಷಧಿ ಗೊನೆ ಮೇಲೆ ಒಣಗಿತ್ತೋ ಅಥವಾ ತೊಳೆದು ಹೋಯ್ತೋ ಅನ್ನೋದೇ ನಮ್ಮ ಜಗಳ. ಮುಂದುವರಿಸಿ, ಓದ್ತಿರ್ತೀನಿ.

ಬಿಎಚ್‌ರಸ್ತೆ_ಬಿಟ್ಸ್

ಸುಲಭ. ಮೇಕ್‌ಸ್ಟೆಪ್ ಸಾಲಿನಲ್ಲಿ 3 ತೆಗೆದು -1 ಹಾಕಿ. ಬೂಟ್ ಆಗಿ ಒಂದು ದಿನದ ಮೇಲೆ ಇಂಟರ್ನೆಟ್ ಬಂದಿದೆ, ಅಷ್ಟರಲ್ಲಿ ಆ 3ರ ಅವಧಿ ಮುಗಿದುಹೋಗಿರುತ್ತೆ. -1 ಅಂದ್ರೆ ಯಾವಾಗ ಬೇಕಾದ್ರೂ ಗಡಿಯಾರ ಹಾರಿಸಿ ಸರಿ ಮಾಡು ಅಂತ. ಮುಖ್ಯ ಫೈಲ್ ಮುಟ್ಟಬೇಡಿ, ಕಾನ್ಫ್.ಡಿ ಒಳಗೆ ಹೊಸ ಫೈಲ್ ಮಾಡಿ ಈ ಎರಡು ಸಾಲು ಹಾಕಿ. ನಮ್ಮ ಸರ್ಕಾರದ ಸರ್ವರೂ ಒಂದಿರಲಿ:

ಮೇಕ್‌ಸ್ಟೆಪ್ 1 -1
ಸರ್ವರ್ ಸಮಯ್1.ಎನ್‌ಐಸಿ.ಇನ್ ಐಬರ್ಸ್ಟ್ # ಎನ್‌ಐಸಿ ಸರ್ವರ್

ಮಳೆಲೆಕ್ಕ_ಹೊಸನಗರ

ಹಾಕಿದೆ. ಈಗ ಕ್ರೋನಿ ಏಳ್ತಾನೇ ಇಲ್ಲ. 2ನೇ ಸಾಲಿನ ಸರ್ವರ್ ಡೈರೆಕ್ಟಿವ್ ಅರ್ಥ ಆಗ್ತಿಲ್ಲ ಅಂತ ಹೇಳಿ ಮಲಗಿದೆ.

ತುಂಗಾತಟ

ಸಾಲಿನ ಕೊನೆಯ ಟಿಪ್ಪಣಿ ತೆಗೀರಿ. ಕ್ರೋನಿಯಲ್ಲಿ ಟಿಪ್ಪಣಿ ಅಂದ್ರೆ ಇಡೀ ಸಾಲೇ ಟಿಪ್ಪಣಿ. ಸಾಲಿನ ಮೊದಲ ಅಕ್ಷರ #, %, !, ; ಈ ನಾಲ್ಕರಲ್ಲಿ ಒಂದಾಗಿರಬೇಕು, ಅದಕ್ಕಿಂತ ಮುಂಚೆ ಖಾಲಿ ಜಾಗ ಇದ್ರೆ ಪರವಾಗಿಲ್ಲ. ಡೈರೆಕ್ಟಿವ್ ಬರೆದ ಮೇಲೆ ಬಂದ # ಅನ್ನು ಅದು ಆ ಡೈರೆಕ್ಟಿವ್‌ನದೇ ಇನ್ನೊಂದು ಆಯ್ಕೆ ಅಂತ ಓದಲು ಹೋಗುತ್ತೆ. ಅರ್ಥ ಆಗದ ಒಂದೇ ಒಂದು ಸಾಲು ಸಿಕ್ಕರೂ ಇಡೀ ಸೇವೆ ನಿಲ್ಲುತ್ತೆ, ಆ ಸಾಲು ಬಿಟ್ಟು ಮುಂದೆ ಹೋಗೋ ಜಾಯಮಾನ ಇಲ್ಲ. ನನಗೆ ಅದೇ ಇಷ್ಟ. ತಪ್ಪನ್ನು ನುಂಗಿಕೊಂಡು ಓಡೋ ಡೀಮನ್‌ಗಿಂತ ಬಾಗಿಲಲ್ಲೇ ಕೂಗಾಡೋದು ವಾಸಿ.

ಬಿಎಚ್‌ರಸ್ತೆ_ಬಿಟ್ಸ್

ಹಳೇ ಎನ್‌ಟಿಪಿಡಿ ಫೈಲಿನಲ್ಲಿ ಸಾಲಿನ ಕೊನೆಗೂ # ನಡೀತಿತ್ತಲ್ಲ ಸಾರ್.

ತುಂಗಾತಟ

ಅಲ್ಲಿ ನಡೆಯುತ್ತೆ, ಇಲ್ಲಿ ನಡೆಯಲ್ಲ. ಫೈಲ್ ತಿದ್ದಿದ ಮೇಲೆ ಸೇವೆ ರೀಸ್ಟಾರ್ಟ್ ಮಾಡೋಕೆ ಮುಂಚೆ ಕ್ರೋನಿಡಿಗೆ -ಪಿ ಆಯ್ಕೆ ಕೊಟ್ಟು ಓಡಿಸಿ. ಓದಿಕೊಂಡ ಕಾನ್ಫಿಗ್ ಅನ್ನೆಲ್ಲ ತೆರೆ ಮೇಲೆ ಮುದ್ರಿಸಿ ಹೊರಗೆ ಬರುತ್ತೆ, ಗಡಿಯಾರ ಮುಟ್ಟೋದಿಲ್ಲ. ಒಳಗೆ ಸೇರಿಸಿಕೊಂಡ ಫೈಲುಗಳ ಸಾಲುಗಳೂ ಅದರಲ್ಲಿ ಕಾಣುತ್ತವೆ.

ಮುದ್ರಿಸಿ ನೋಡಿದ್ರೆ ಇನ್ನೊಂದು ವಿಷಯ ಕಣ್ಣಿಗೆ ಬೀಳುತ್ತೆ. ಮೇಕ್‌ಸ್ಟೆಪ್ ಎರಡು ಸಲ ಇದೆ: ಮೊದಲು -1 ಇರೋದು, ಆಮೇಲೆ 3 ಇರೋದು. ಕ್ರೋನಿಯಲ್ಲಿ ಡೈರೆಕ್ಟಿವ್‌ಗಳ ಕ್ರಮ ಹೆಚ್ಚಾಗಿ ಲೆಕ್ಕಕ್ಕಿಲ್ಲ, ಆದರೆ ಒಂದೇ ಡೈರೆಕ್ಟಿವ್ ಎರಡು ಸಲ ಬಂದರೆ ಕೊನೆಯದೇ ಗೆಲ್ಲೋದು. ಸರ್ವರ್, ಪೂಲ್, ಅಲೌ ಥರದವು ಬೇರೆ, ಅವು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಡೆಬಿಯನ್ ಕಡೆಯ ಫೈಲಿನಲ್ಲಿ ಕಾನ್ಫ್‌ಡಿರ್ ಸಾಲು ತಲೆಯಲ್ಲೇ ಇದೆ. ಆ ಫೋಲ್ಡರಿನ ಫೈಲುಗಳನ್ನ ಆ ಜಾಗದಲ್ಲೇ ಓದಿ ಮುಗಿಸುತ್ತೆ, ಆಮೇಲೆ ಕೆಳಗಿರೋ ಮೇಕ್‌ಸ್ಟೆಪ್ 1 3 ಬಂದು ಮೇಲಿನದನ್ನ ಅಳಿಸುತ್ತೆ. ಅಂದ್ರೆ ನಿಮ್ಮ -1 ಜಾರಿಗೇ ಬಂದಿಲ್ಲ. ಬೇರೆ ಸೇವೆಗಳಲ್ಲಿ ಡ್ರಾಪ್‌ಇನ್ ಫೈಲೇ ಕೊನೇ ಮಾತು ಅಂತ ಅಭ್ಯಾಸ ಆದವರು ಎಡವೋದು ಇಲ್ಲೇ.

ಬಂದಿಲ್ಲದಿದ್ದದ್ದೂ ಒಳ್ಳೇದೇ ಆಯ್ತು, ಯಾಕಂದ್ರೆ ಅದು ಬೇಕಾಗಿಲ್ಲ. ಆ 3 ಅನ್ನೋದು ಮೂರು ನಿಮಿಷವೂ ಅಲ್ಲ, ಮೂರು ಗಂಟೆಯೂ ಅಲ್ಲ. ಗಡಿಯಾರವನ್ನ ಮೊದಲ ಮೂರು ಸಲ ತಿದ್ದುವಾಗ ಮಾತ್ರ ಹಾರಿಸಬಹುದು ಅಂತ. ಮುಂದಿನ 1 ಅಂದ್ರೆ ವ್ಯತ್ಯಾಸ ಒಂದು ಸೆಕೆಂಡಿಗಿಂತ ಜಾಸ್ತಿ ಇದ್ದರೆ. ಇಂಟರ್ನೆಟ್ ಇಲ್ಲದೆ ಒಂದು ವಾರ ಕೂತಿದ್ದರೂ ತಿದ್ದುಪಡಿಯೇ ಆಗಿರಲ್ಲ, ಹಾಗಾಗಿ ಮೂರೂ ಹಾಗೇ ಉಳಿದಿರುತ್ತವೆ. ಮರುದಿನ ಫೈಬರ್ ಬಂದ ತಕ್ಷಣ ಗಂಟೆ ಸರಿಯಾಗಿರಲೇಬೇಕು. ಆಗಿತ್ತು ತಾನೆ?

ಮಳೆಲೆಕ್ಕ_ಹೊಸನಗರ

ಹೌದು, ಇಂಟರ್ನೆಟ್ ಬಂದ ಮೇಲೆ ಎಲ್ಲ ಸರಿ. ಹಾಳಾಗಿರೋದು ಕರೆಂಟು ಬಂದಾಗಿಂದ ಫೈಬರ್ ಬರೋವರೆಗೆ ಮಾತ್ರ.

ಬಿಎಚ್‌ರಸ್ತೆ_ಬಿಟ್ಸ್

ಹಾಗಾದ್ರೆ ಮೇಕ್‌ಸ್ಟೆಪ್ ಸಾಲೇ ಇಲ್ಲದಿದ್ರೆ ಏನಾಗ್ತಿತ್ತು? ಸುಮ್ನೆ ಕುತೂಹಲ.

ತುಂಗಾತಟ

ನಿಧಾನಕ್ಕೆ ಎಳೆದು ಸರಿ ಮಾಡ್ತಿತ್ತು. ಲಿನಕ್ಸಿನಲ್ಲಿ ಕ್ರೋನಿ ಹೆಚ್ಚೆಂದರೆ ಹನ್ನೆರಡನೇ ಒಂದು ಪಾಲಿನಷ್ಟು ವೇಗ ಬದಲಿಸುತ್ತೆ (ಮ್ಯಾಕ್ಸ್‌ಸ್ಲೂರೇಟ್ 83333.333 ಪಿಪಿಎಂ). ಹತ್ತು ಗಂಟೆ ಹಿಂದಿದ್ದರೆ ಸರಿಯಾಗೋಕೆ 120 ಗಂಟೆ, ಅಂದ್ರೆ ಐದು ದಿನ. ಅಷ್ಟರಲ್ಲಿ ಇನ್ನೊಂದು ಮರ ಬಿದ್ದಿರುತ್ತೆ.

ಸಾಗರ_ಸೋಲ್ಡರ್

ನೀವೆಲ್ಲ ಫೈಲಿನ ಸುತ್ತ ಗಿರಕಿ ಹೊಡೀತಿದೀರಿ. ಪೈ 4ರಲ್ಲಿ ಆರ್‌ಟಿಸಿ (ಕರೆಂಟು ಹೋದ್ರೂ ಬ್ಯಾಟರಿ ಮೇಲೆ ಓಡೋ ಗಡಿಯಾರದ ಚಿಪ್ಪು) ಅನ್ನೋದೇ ಇಲ್ಲ. ಪೈ 5ಕ್ಕೆ ಮಾತ್ರ ಕೊಟ್ಟಿದಾರೆ, ಅದಕ್ಕೂ ಬ್ಯಾಟರಿ ಬೇರೆ ಹಾಕಬೇಕು. ಕರೆಂಟು ಹೋದಾಗ ಪೈಗೆ ಕಾಲಜ್ಞಾನ ನಿಂತುಹೋಗುತ್ತೆ. ಫೇಕ್-ಎಚ್‌ಡಬ್ಲ್ಯೂಕ್ಲಾಕ್ ಅಂತ ಒಂದು ಸ್ಕ್ರಿಪ್ಟು ಗಂಟೆಗೊಮ್ಮೆ ಸಮಯವನ್ನ ಫೈಲಿಗೆ ಬರೆದಿಡುತ್ತೆ, ಬೂಟ್ ಆದಾಗ ಅದನ್ನೇ ಓದಿ ಅಲ್ಲಿಂದ ಮುಂದುವರಿಸುತ್ತೆ. ಬೆಳಗಿನ ಜಾವ 4ಕ್ಕೆ ಸತ್ತ ಪೈ ಮಧ್ಯಾಹ್ನ ಎದ್ದು "ಈಗ 3 ಗಂಟೆ ಚಿಲ್ಲರೆ" ಅನ್ನೋದು ಅದಕ್ಕೇ. ನಿಮ್ಮ ಫೈಲಿನ ಆರ್‌ಟಿಸಿಸಿಂಕ್ ಸಾಲಿಗೂ ಕೆಲಸ ಇಲ್ಲ. ಅದು 11 ನಿಮಿಷಕ್ಕೊಮ್ಮೆ ಆರ್‌ಟಿಸಿಗೆ ಗಂಟೆ ಬರೆಸೋ ಸಾಲು, ಬರೆಯೋಕೆ ಚಿಪ್ಪೇ ಇಲ್ಲ.

ಡಿಎಸ್3231 ಅನ್ನೋ ಆರ್‌ಟಿಸಿ ಮಾಡ್ಯೂಲ್ ತಗೊಳ್ಳಿ. ±2 ಪಿಪಿಎಂ ಅಂದ್ರೆ ವರ್ಷಕ್ಕೆ ಒಂದು ನಿಮಿಷ ಆಚೀಚೆ. ಕಾನ್ಫಿಗ್.ಟಿಎಕ್ಸ್‌ಟಿಯಲ್ಲಿ ಡಿಟಿಓವರ್‌ಲೇ ಸಾಲು ಒಂದು, ಫೇಕ್-ಎಚ್‌ಡಬ್ಲ್ಯೂಕ್ಲಾಕ್ ತೆಗೆದುಹಾಕೋದು, ಮುಗೀತು ಕಥೆ. ಒಂದು ಎಚ್ಚರ: ಅಗ್ಗದ ಜ಼ಡ್‌ಎಸ್-042 ಬೋರ್ಡಿನಲ್ಲಿ ಚಾರ್ಜಿಂಗ್ ಸರ್ಕ್ಯೂಟ್ ಇರುತ್ತೆ, ಅದು ಎಲ್‌ಐಆರ್2032 ಸೆಲ್ಲಿಗೆ. ಮಾಮೂಲಿ ಸಿಆರ್2032 ಹಾಕೋದಾದ್ರೆ ಆ ದಾರಿಯ ಡಯೋಡನ್ನೋ ರೆಸಿಸ್ಟರನ್ನೋ ಕಿತ್ತುಬಿಡಿ. ಚಾರ್ಜ್ ಆಗಬಾರದ ಸೆಲ್ಲಿಗೆ ಚಾರ್ಜ್ ತುಂಬಿದ್ರೆ ಉಬ್ಬುತ್ತೆ, ಸೋರುತ್ತೆ.

ಹಳೇಯುನಿಕ್ಸ್

ಆರ್‌ಟಿಸಿ ಹಾಕಿ, ಬೇಡ ಅನ್ನಲ್ಲ. ಆದರೆ ಕಥೆ ಅಲ್ಲಿಗೆ ಮುಗಿಯಲ್ಲ. ಎಲ್ಲರೂ ಒಂದು ಸಾಲನ್ನ ದಾಟಿಕೊಂಡು ಹೋಗ್ತಿದೀರಿ: ಲೋಕಲ್ ಸ್ಟ್ರೇಟಮ್ 10.

ಮಳೆಲೆಕ್ಕದವರೇ, ನಿಮ್ಮ ಇಎಸ್‌ಪಿ32ಗಳಿಗೆ ಸೋಲಾರ್ ಬ್ಯಾಟರಿ ಇದೆ ಅಂದ್ರಿ. ಅಂದ್ರೆ ಆ ರಾತ್ರಿ ಅವು ಸತ್ತೇ ಇಲ್ಲ, ಅವುಗಳ ಗಡಿಯಾರ ಸರಿಯಾಗೇ ಓಡ್ತಿತ್ತು. ಹಾಗಿದ್ದ ಮೇಲೆ ಅವುಗಳ ಲೆಕ್ಕ ಯಾಕೆ ಕೆಡಬೇಕು?

ಲೋಕಲ್ ಅಂದ್ರೆ, "ಮೇಲಿನ ಸರ್ವರ್ ಯಾವುದೂ ಸಿಗದಿದ್ದರೂ ನಾನು ಸಿಂಕ್ ಆಗಿದೀನಿ ಅಂತಲೇ ಕೆಳಗಿನವರಿಗೆ ಹೇಳು" ಅಂತ ಅಪ್ಪಣೆ. ಹಿಂದೆಂದೂ ಸಿಂಕ್ ಆಗಿರದಿದ್ದರೂ ಹಾಗೇ ಹೇಳುತ್ತೆ. ಪೈ ಎದ್ದಿತು, ಫೇಕ್-ಎಚ್‌ಡಬ್ಲ್ಯೂಕ್ಲಾಕ್ ಕೊಟ್ಟ ಹಳಸಲು ಗಂಟೆ ಹಿಡಿಯಿತು, ಅಲೌ ಸಾಲು ಇರೋದ್ರಿಂದ ಕೇಳಿದವರಿಗೆಲ್ಲ ಅದನ್ನೇ ಹಂಚಿತು. ಇಎಸ್‌ಪಿ32ರ ಎಸ್‌ಎನ್‌ಟಿಪಿ ಮಾಮೂಲಿಯಾಗಿ ಗಂಟೆಗೊಮ್ಮೆ ಕೇಳುತ್ತೆ. ಕೇಳ್ತು, ಸರಿಯಿದ್ದ ತನ್ನ ಗಂಟೆ ಬಿಟ್ಟು ಪೈ ಹೇಳಿದ್ದನ್ನ ನಂಬ್ತು. ಯಜಮಾನನೇ ದಾರಿ ತಪ್ಪಿಸಿದ ಹಾಗಾಯ್ತು.

ಆ ಸಾಲು ಇಲ್ಲದಿದ್ದರೆ? ಪೈ "ನಾನಿನ್ನೂ ಸಿಂಕ್ ಆಗಿಲ್ಲ" ಅನ್ನೋ ಗುರುತು ಹಾಕಿಯೇ ಉತ್ತರ ಕೊಡುತ್ತೆ. ಸರಿಯಾಗಿ ಬರೆದ ಕ್ಲೈಂಟು ಅಂಥ ಉತ್ತರವನ್ನ ಬಿಸಾಕಿ ತನ್ನ ಗಂಟೆಯಲ್ಲೇ ಮುಂದುವರಿಯುತ್ತೆ. ಒಂದೆರಡು ದಿನಕ್ಕೆ ಹೆಚ್ಚೆಂದರೆ ಕೆಲವು ಸೆಕೆಂಡು ಆಚೀಚೆ ಆಗಬಹುದು. ಮಳೆ ಲೆಕ್ಕಕ್ಕೆ ಅದು ಏನೇನೂ ಅಲ್ಲ.

ಪೈನಲ್ಲೇ ನೋಡಿ: ಕ್ರೋನಿಸಿ ಟ್ರ್ಯಾಕಿಂಗ್ ಕೊಟ್ಟಾಗ ರೆಫರೆನ್ಸ್ ಐಡಿ 7ಎಫ್7ಎಫ್0101 ಅಂತ ಬಂದರೆ ಅದು ತನ್ನನ್ನ ತಾನೇ ನಂಬಿ ಕೂತಿದೆ. ಎಲ್ಲ ಸೊನ್ನೆ ಬಂದರೆ ಸಿಂಕ್ ಆಗಿಲ್ಲ ಅಂತ ಪ್ರಾಮಾಣಿಕವಾಗಿ ಒಪ್ಪಿಕೊಂಡಿದೆ.

ಸಾಗರ_ಸೋಲ್ಡರ್

ಒಪ್ಪಿದೆ, ಆದ್ರೆ ಆರ್‌ಟಿಸಿ ಹಾಕಿದ ಮೇಲೆ ಲೋಕಲ್ ಇದ್ರೆ ಎಂತ ತೊಂದರೆ? ಪೈನ ಗಂಟೆ ಸರಿ ಇರುತ್ತೆ, ಧೈರ್ಯವಾಗಿ ಹಂಚಲಿ. ನಮ್ಮ ಕಡೆ ಮಳೆಗಾಲದಲ್ಲಿ ವಾರಗಟ್ಟಲೆ ಇಂಟರ್ನೆಟ್ ಇರಲ್ಲ. ಶರಾವತಿಯಲ್ಲಿ ಕರೆಂಟು ಹುಟ್ಟೋದು ನಮ್ಮೂರ ಪಕ್ಕದಲ್ಲೇ, ಅದೇ ನಮ್ಮ ಮನೆಗೆ ಬರೋದು ಕಂಬದ ಮೇಲೆ ಮರ ಬೀಳದಿದ್ದ ದಿನ ಮಾತ್ರ. ಒಂದು ನೋಡ್, ಅಂದ್ರೆ ಮಳೆಮಾಪಕದ ಇಎಸ್‌ಪಿ32, ರೀಬೂಟ್ ಆಯ್ತು ಅಂದ್ಕೊಳ್ಳಿ. ಲೋಕಲ್ ಇಲ್ಲದಿದ್ರೆ ಅದಕ್ಕೆ ಗಂಟೆ ಕೊಡೋರು ಯಾರು?

ಹಳೇಯುನಿಕ್ಸ್

ಸೆಲ್ ಸತ್ತಿದ್ದು ನಿಮಗೆ ಹೇಗೆ ಗೊತ್ತಾಗುತ್ತೆ? ಆರ್‌ಟಿಸಿ ಸದ್ದಿಲ್ಲದೆ ಸಾಯುತ್ತೆ. ಮುಂದಿನ ಜೂನಿನಲ್ಲಿ ಪೈ 2000ನೇ ಇಸವಿ ಅಂತ ಎದ್ದರೂ ಲೋಕಲ್ ಸಾಲು ಅದನ್ನೇ ಊರಿಗೆಲ್ಲ ಸಾರುತ್ತೆ. ಗಂಟೆ ಸಿಗದ ನೋಡ್‌ನಿಂದ ಅಷ್ಟು ನಷ್ಟ ಇಲ್ಲ, ತಪ್ಪು ಗಂಟೆ ಸಿಕ್ಕಿದ ನೋಡ್ ಅಪಾಯ.

ತುಂಗಾತಟ

ಇಬ್ಬರಿಗೂ ಒಪ್ಪಿಗೆಯಾಗೋ ದಾರಿ ಇದೆ. ಹೊಸ ಆವೃತ್ತಿಗಳಲ್ಲಿ ಲೋಕಲ್ ಡೈರೆಕ್ಟಿವ್‌ಗೆ ಆಕ್ಟಿವೇಟ್ ಅಂತ ಒಂದು ಆಯ್ಕೆ ಬಂದಿದೆ:

ಲೋಕಲ್ ಸ್ಟ್ರೇಟಮ್ 10 ಆಕ್ಟಿವೇಟ್ 0.5

ರೂಟ್ ಡಿಸ್ಟೆನ್ಸ್ (ಮೂಲ ಗಂಟೆಯಿಂದ ಹೆಚ್ಚೆಂದರೆ ಎಷ್ಟು ತಪ್ಪಿರಬಹುದು ಅನ್ನೋ ಅಂದಾಜು) ಒಂದು ಸಲವಾದರೂ 0.5 ಸೆಕೆಂಡಿಗಿಂತ ಕೆಳಗೆ ಇಳಿದಿದ್ದರೆ ಮಾತ್ರ ಲೋಕಲ್ ಜಾರಿಗೆ ಬರುತ್ತೆ. ಅಂದ್ರೆ ಕ್ರೋನಿ ಎದ್ದ ಮೇಲೆ ಒಮ್ಮೆಯಾದರೂ ನಿಜವಾದ ಸರ್ವರಿನ ಮುಖ ನೋಡಿರಬೇಕು. ಆಮೇಲೆ ಫೈಬರ್ ಕಡಿದರೂ ಹಂಚ್ತಾ ಇರುತ್ತೆ. ಡಿಸ್ಟ್ರೋದಲ್ಲಿರೋ ಆವೃತ್ತಿ ಹಳೇದಾದರೆ ಆ ಪದ ಗೊತ್ತಿಲ್ಲ ಅಂತ ಸೇವೆ ನಿಂತುಬಿಡುತ್ತೆ, -ಪಿ ಹಾಕಿ ನೋಡಿಕೊಳ್ಳಿ. ಅದು ಸಿಗದಿದ್ದರೆ ಲೋಕಲ್ ಸಾಲನ್ನೇ ಕಿತ್ತುಹಾಕಿ.

ಸಾಗರ_ಸೋಲ್ಡರ್

ಕರೆಂಟು ಹೋಗಿ ಬಂದು, ಇಂಟರ್ನೆಟ್ ಬಂದಿಲ್ಲ ಅಂದ್ರೆ ಆಗಲೂ ನನ್ನ ಆರ್‌ಟಿಸಿ ಸುಮ್ನೆ ಕೂತಂಗಾಯ್ತು. ನಾನಂತೂ ಲೋಕಲ್ ಇಟ್ಕೊಂಡೇ ಇರ್ತೀನಿ, ವರ್ಷಕ್ಕೊಂದು ಸೆಲ್ ಬದಲಾಯಿಸ್ತೀನಿ.

ಹಳೇಯುನಿಕ್ಸ್

ನಿಮ್ಮ ತೋಟ, ನಿಮ್ಮ ಇಷ್ಟ.

ಬಿಎಚ್‌ರಸ್ತೆ_ಬಿಟ್ಸ್

ಎನ್‌ಟಿಎಸ್ (ಸರ್ವರ್ ಅಸಲಿಯೇ ಅಂತ ಖಾತ್ರಿ ಮಾಡ್ಕೊಂಡು ಗಂಟೆ ಕೇಳೋ ವಿಧಾನ) ಹಾಕಿದ್ರೆ ಹೇಗೆ? ಸರ್ವರ್ ಟೈಮ್.ಕ್ಲೌಡ್‌ಫ್ಲೇರ್.ಕಾಮ್ ಐಬರ್ಸ್ಟ್ ಎನ್‌ಟಿಎಸ್ ಅಂತ. ಯಾರೂ ಮಧ್ಯೆ ಕೂತು ಸುಳ್ಳು ಗಂಟೆ ಕೊಡೋಕಾಗಲ್ಲ.

ತುಂಗಾತಟ

ಆರ್‌ಟಿಸಿ ಇಲ್ಲದ ಪೈಗೆ ಅದೊಂದು ಬೇರೆಯೇ ತಲೆನೋವು. ಎನ್‌ಟಿಎಸ್ ಮೊದಲು ಟಿಎಲ್‌ಎಸ್ ಪ್ರಮಾಣಪತ್ರ ನೋಡುತ್ತೆ, ಪತ್ರದ ಅವಧಿ ಚಾಲ್ತಿಯಲ್ಲಿದೆಯಾ ಅಂತ ತನ್ನ ಗಡಿಯಾರ ನೋಡಿ ತೀರ್ಮಾನ ಮಾಡುತ್ತೆ. ಗಡಿಯಾರವೇ ತಿಂಗಳುಗಟ್ಟಲೆ ಹಿಂದಿದ್ದರೆ "ಈ ಪತ್ರ ಇನ್ನೂ ಹುಟ್ಟೇ ಇಲ್ಲ" ಅಂತ ತಿರಸ್ಕರಿಸುತ್ತೆ. ಗಂಟೆ ಸರಿಯಾಗೋಕೆ ಪತ್ರ ಬೇಕು, ಪತ್ರ ಒಪ್ಪೋಕೆ ಸರಿಯಾದ ಗಂಟೆ ಬೇಕು. ಇದಕ್ಕೆಂದೇ ನೋಸರ್ಟ್‌ಟೈಮ್‌ಚೆಕ್ 1 ಅಂತ ಡೈರೆಕ್ಟಿವ್ ಇದೆ, ಮೊದಲ ತಿದ್ದುಪಡಿ ಆಗೋವರೆಗೆ ಆ ಅವಧಿ ಪರೀಕ್ಷೆ ಬಿಟ್ಟುಬಿಡುತ್ತೆ. ಅಷ್ಟರ ಮಟ್ಟಿಗೆ ಭದ್ರತೆಯೂ ಸಡಿಲ. ಜೊತೆಗೆ ಟಿಸಿಪಿ 4460 ಪೋರ್ಟ್ ತೆರೆದಿರಬೇಕು. ಮಳೆಮಾಪಕಕ್ಕೆ ಇಷ್ಟೆಲ್ಲ ಬೇಡ ಅಂತ ನನ್ನ ಅಭಿಪ್ರಾಯ.

ಎನ್‌ಐಸಿ ಸರ್ವರ್ ಹಾಕೋದು ಹಾಕಿ, ಟಿಪ್ಪಣಿ ಬಿಟ್ಟು. 2022ರ ಏಪ್ರಿಲ್‌ನಲ್ಲಿ ಸರ್ಟ್-ಇನ್ (ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ) ನಿರ್ದೇಶನ ಬಂದ ಮೇಲೆ ಎಷ್ಟೋ ಕಂಪನಿಗಳು ಎನ್‌ಐಸಿ ಅಥವಾ ದೆಹಲಿಯ ಎನ್‌ಪಿಎಲ್ ಗಂಟೆಗೆ ಹೊಂದಿಸಿಕೊಳ್ತಿದಾವೆ. ಪೂಲ್ ಸಾಲನ್ನೂ ಬಿಡಬೇಡಿ. ಒಂದು ಪೂಲ್ ಸಾಲಿಗೆ ಮಾಮೂಲಿಯಾಗಿ ನಾಲ್ಕು ಸರ್ವರ್ ಹಿಡಿಯುತ್ತೆ, ಒಂದು ಕೈಕೊಟ್ಟರೆ ಬೇರೆ ಹುಡುಕುತ್ತೆ. ಸುಳ್ಳು ಹೇಳೋ ಸರ್ವರನ್ನ ಗುರುತು ಹಿಡಿಯೋಕೆ ಮೂರಾದರೂ ಬೇಕು.

ಬೋರ್ಡೋ_ತೀರ್ಥಹಳ್ಳಿ

ಐದೂವರೆ ಗಂಟೆ ಸೇರಿಸೋದು ಯಾವ ಸಾಲಿನಲ್ಲಿ?

ತುಂಗಾತಟ

ಯಾವ ಸಾಲಿನಲ್ಲೂ ಇಲ್ಲ. ಕ್ರೋನಿ ಯುಟಿಸಿಯಲ್ಲೇ ಬದುಕೋದು. ಏಷ್ಯಾ/ಕೋಲ್ಕತಾ ಅನ್ನೋದು ಆಪರೇಟಿಂಗ್ ಸಿಸ್ಟಮ್ಮಿನ ಸೆಟ್ಟಿಂಗ್. ಡೇಟಾಬೇಸಿನಲ್ಲೂ ಯುಟಿಸಿಯೇ ಬರೆದಿಡಿ. 8:30 ಅಂದ್ರೆ ಯುಟಿಸಿಯಲ್ಲಿ ಸರಿಯಾಗಿ 03:00.

ಹಳೇಯುನಿಕ್ಸ್

ಇನ್ನೊಂದು ತುದಿ ಉಳಿದಿದೆ. ಪೈನಲ್ಲಿ ಲೆಕ್ಕ ಬರೆಯೋ ಪ್ರೋಗ್ರಾಂ ಇದೆಯಲ್ಲ, ಅದು ಕ್ರೋನಿ ಸಿಂಕ್ ಆಗೋಕೆ ಮುಂಚೆಯೇ ಎದ್ದು ಬರೆಯೋಕೆ ಶುರು ಮಾಡಬಾರದು. ಅದರ ಸಿಸ್ಟಮ್‌ಡಿ ಯೂನಿಟ್ಟಿನಲ್ಲಿ ಎಕ್ಸೆಕ್‌ಸ್ಟಾರ್ಟ್‌ಪ್ರೀ ಸಾಲಿಗೆ ಕ್ರೋನಿಸಿ ವೇಟ್‌ಸಿಂಕ್ ಹಾಕಬಹುದು. ವೇಟ್‌ಸಿಂಕ್ 60 0.01 ಅಂದ್ರೆ ಹತ್ತು ಸೆಕೆಂಡಿಗೊಮ್ಮೆ 60 ಸಲ ನೋಡು, ಉಳಿದ ವ್ಯತ್ಯಾಸ 10 ಮಿಲಿಸೆಕೆಂಡಿಗಿಂತ ಕಡಿಮೆಯಾಗೋವರೆಗೆ ಕಾಯಿ ಅಂತ. ಸಿಸ್ಟಮ್‌ಡಿ ಮಾಮೂಲಿಯಾಗಿ 90 ಸೆಕೆಂಡಿಗೇ ತಾಳ್ಮೆ ಕಳ್ಕೊಳ್ಳುತ್ತೆ, ಟೈಮ್‌ಔಟ್‌ಸ್ಟಾರ್ಟ್‌ಸೆಕ್ ಹೆಚ್ಚಿಸಿ.

ಆದರೆ ನಿಮ್ಮ ವಿಷಯದಲ್ಲಿ ಹಾಗೆ ಕಾಯಿಸೋದೂ ಬೇಡ ಅನ್ಸುತ್ತೆ. ಒಂದು ದಿನ ಇಂಟರ್ನೆಟ್ ಇಲ್ಲ ಅಂದ್ರೆ ಒಂದು ದಿನದ ಮಳೆ ಬರೆದೇ ಇಲ್ಲ ಅಂತಾಗುತ್ತೆ. ನೋಡ್‌ಗಳು ತಮ್ಮದೇ ಗಂಟೆ ಕಳಿಸ್ತಿದಾವಲ್ಲ, ಪೈ ಅದನ್ನ ಇದ್ದ ಹಾಗೇ ತಗೊಂಡು ಬರೆಯಲಿ, ತನ್ನ ಗಂಟೆ ಒತ್ತೋದು ಬೇಡ. ನೋಡ್ ಪ್ರತಿ ಸಂದೇಶಕ್ಕೂ ಒಂದು ಕ್ರಮಸಂಖ್ಯೆ, ತಾನು ಎದ್ದಾಗಿನಿಂದ ಎಷ್ಟು ಮಿಲಿಸೆಕೆಂಡ್ ಆಯ್ತು ಅನ್ನೋ ಎಣಿಕೆ, ಎರಡನ್ನೂ ಸೇರಿಸಿ ಕಳಿಸಲಿ. ಆ ಎಣಿಕೆ 32 ಬಿಟ್ಟಿನದಾದರೆ 49.7 ದಿನಕ್ಕೆ ಸೊನ್ನೆಗೆ ಬರುತ್ತೆ, ಅದೊಂದು ನೆನಪಿರಲಿ. ಡೀಪ್ ಸ್ಲೀಪ್ ಬಳಸ್ತಿದೀರಾ?

ಮಳೆಲೆಕ್ಕ_ಹೊಸನಗರ

ಇಲ್ಲ, ಎದ್ದೇ ಇರ್ತವೆ. ಪ್ಯಾನೆಲ್ ದೊಡ್ಡದಿದೆ.

ಹಳೇಯುನಿಕ್ಸ್

ಒಳ್ಳೇದು. ನಿದ್ದೆ ಹೋಗಿದ್ದರೆ ಒಳಗಿನ 150 ಕಿಲೋಹರ್ಟ್ಸ್ ಆರ್‌ಸಿ ಆಸಿಲೇಟರ್ ಮೇಲೆ ಗಂಟೆ ಓಡ್ತಿತ್ತು, ಅದು ಚಳಿ ಬಿಸಿಲಿಗೆ ಅಲೆದಾಡುತ್ತೆ. ಹೊರಗಡೆ 32 ಕಿಲೋಹರ್ಟ್ಸ್ ಕ್ರಿಸ್ಟಲ್ ಬೇಕಾಗ್ತಿತ್ತು.

ಮಳೆಲೆಕ್ಕ_ಹೊಸನಗರ

ಎಲ್ಲರ ಮಾತೂ ಕೇಳಿ ಮುಖ್ಯ ಫೈಲನ್ನೇ ಹೀಗೆ ತಿದ್ದಿದೆ. ಕಾನ್ಫ್.ಡಿ ಒಳಗಿನ ಫೈಲ್ ತೆಗೆದುಹಾಕಿದೆ. ನನ್ನ ಆವೃತ್ತಿಗೆ ಆಕ್ಟಿವೇಟ್ ಗೊತ್ತಿಲ್ಲ, ಹಾಗಾಗಿ ಲೋಕಲ್ ಪೂರ್ತಿ ಹೋಯ್ತು:

ಪೂಲ್ 2.ಡೆಬಿಯನ್.ಪೂಲ್.ಎನ್‌ಟಿಪಿ.ಆರ್ಗ್ ಐಬರ್ಸ್ಟ್
ಸರ್ವರ್ ಸಮಯ್1.ಎನ್‌ಐಸಿ.ಇನ್ ಐಬರ್ಸ್ಟ್
ಡ್ರಿಫ್ಟ್‌ಫೈಲ್ /ವಾರ್/ಲಿಬ್/ಕ್ರೋನಿ/ಕ್ರೋನಿ.ಡ್ರಿಫ್ಟ್
ಮ್ಯಾಕ್ಸ್‌ಅಪ್‌ಡೇಟ್‌ಸ್ಕ್ಯೂ 100.0
ಆರ್‌ಟಿಸಿಸಿಂಕ್
ಮೇಕ್‌ಸ್ಟೆಪ್ 1 3
ಅಲೌ 192.168.4.0/24

ಆರ್‌ಟಿಸಿಸಿಂಕ್ ಹಾಗೇ ಬಿಟ್ಟಿದೀನಿ, ಡಿಎಸ್3231 ತರಿಸ್ತೀನಿ. ರೀಸ್ಟಾರ್ಟ್ ಮಾಡಿದೆ. ಫೈಬರ್ ತಂತಿ ಕಿತ್ತು, ಪೈ ಪ್ಲಗ್ಗೂ ಕಿತ್ತು, ಊಟ ಮುಗಿಸಿ ಬಂದು ಪೈ ಮಾತ್ರ ಹಾಕಿದೆ. ಟ್ರ್ಯಾಕಿಂಗ್‌ನಲ್ಲಿ ಎಲ್ಲ ಸೊನ್ನೆ. ಪೈ ಹಳೇ ಗಂಟೇಲಿದೆ, ಮೂರೂ ನೋಡ್ ಸರಿಯಾದ ಗಂಟೇಲೇ ಇದಾವೆ, ಒಂದು ಗಂಟೆ ಕಳೆದ ಮೇಲೂ ಬದಲಾಗಲಿಲ್ಲ. ಫೈಬರ್ ಹಾಕಿದ ಸ್ವಲ್ಪ ಹೊತ್ತಿಗೆ ಪೈ ಹಾರಿ ಸರಿಯಾಯ್ತು.

ಈಗಾಗಲೇ ಕೆಟ್ಟಿರೋ ಆ ದಿನದ ಲೆಕ್ಕ ಉಳಿಸ್ಕೊಳ್ಳೋಕೆ ದಾರಿ ಇದೆಯಾ?

ತುಂಗಾತಟ

ಜರ್ನಲ್ ಉಳಿದಿದ್ದರೆ ಇದೆ. ಮೇಕ್‌ಸ್ಟೆಪ್ ಗಡಿಯಾರ ಹಾರಿಸಿದಾಗಲೆಲ್ಲ ಕ್ರೋನಿ ಎಷ್ಟು ಸೆಕೆಂಡು ಹಾರಿಸಿದೆ ಅಂತ ಒಂದು ಸಾಲು ಬರೆಯುತ್ತೆ. ಜರ್ನಲ್‌ಸಿಟಿಎಲ್‌ಗೆ -ಯು ಕ್ರೋನಿ ಕೊಟ್ಟು ಆ ಸಂಖ್ಯೆ ಹುಡುಕಿ. ಕೆಟ್ಟ ಸಾಲುಗಳಿಗೆ ಅಷ್ಟು ಸೆಕೆಂಡು ಸೇರಿಸಿದರೆ ಆಯ್ತು.

ಆದರೆ ಪೈ ಎದ್ದ ಕ್ಷಣದಿಂದಲೇ ಸೇರಿಸಬೇಡಿ. ಮೂರು ನೋಡ್‌ಗಳೂ ಪೈಯನ್ನ ಬೇರೆ ಬೇರೆ ಹೊತ್ತಲ್ಲಿ ಕೇಳಿರುತ್ತವೆ, ಕೇಳೋವರೆಗೂ ಅವುಗಳ ಗಂಟೆ ಸರಿಯೇ ಇತ್ತು. ಪ್ರತಿ ನೋಡಿನ ಸಾಲುಗಳನ್ನ ಬಂದ ಕ್ರಮದಲ್ಲೇ ಇಟ್ಟು ನೋಡಿ. ಗಂಟೆ ಇದ್ದಕ್ಕಿದ್ದ ಹಾಗೆ ಹಿಂದಕ್ಕೆ ಹೋದ ಜಾಗದಿಂದ ಮತ್ತೆ ಮುಂದಕ್ಕೆ ಹಾರಿದ ಜಾಗದವರೆಗೆ ಮಾತ್ರ ಸೇರಿಸಿ. ಸೇರಿಸಿದ ಮೇಲೆ ಯುಟಿಸಿ 03:00ಕ್ಕೆ ಕತ್ತರಿಸಿ ಕೂಡಿ, ಅಪ್ಪಯ್ಯನ ಪುಸ್ತಕದ ಜೊತೆ ತಾಳೆ ನೋಡಿ.

ಮಳೆಲೆಕ್ಕ_ಹೊಸನಗರ

ತೋಟದ್ದು, ಗದ್ದೇದು ತಾಳೆ ಬಂತು. ಗುಡ್ಡದ ಮೇಲಿನದು ಪುಸ್ತಕಕ್ಕಿಂತ ಕಡಿಮೆ ತೋರಿಸ್ತಿದೆ.

ಸಾಗರ_ಸೋಲ್ಡರ್

ಅದು ಗಂಟೆ ತೊಂದರೆ ಅಲ್ಲ. ಜೋರು ಮಳೇಲಿ ಬಕೆಟ್ ಮಗುಚೋ ಹೊತ್ತಲ್ಲೂ ನೀರು ಬೀಳ್ತಾನೇ ಇರುತ್ತೆ, ಅಷ್ಟು ಲೆಕ್ಕಕ್ಕೆ ಸಿಗಲ್ಲ. ಮೊದಲು ಹತ್ತಿ ಹೋಗಿ ಆಲಿಕೆಯೊಳಗೆ ಎಲೆ ಕಟ್ಟಿದೆಯಾ ನೋಡಿ. ಇಲ್ಲ ಅಂದ್ರೆ ಬೇರೆ ಥ್ರೆಡ್ ಶುರು ಮಾಡಿ, ಕ್ಯಾಲಿಬ್ರೇಶನ್ ಮಾತಾಡೋಣ.